ಜೂನ್ ತಿಂಗಳ ಹಬ್ಬಗಳು ಮತ್ತು ರಕ್ತಸಾಕ್ಷಿಗಳ ನೆನಪು

(ತಿಂಗಳ ಪಾಠ: ಸಂಘದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಬೇಕು. ಉಳಿದವರು ಕೇಳಿ, ಕೊನೆಯಲ್ಲಿರುವ ಪ್ರಶ್ನೆಗಳ ಮೇಲೆ ಚರ್ಚೆ ಮಾಡಬೇಕು.)



ಜೂನ್ ತಿಂಗಳು ಬಂತು ಅಂದ್ರೆ ನಮ್ಮ ಸಂಘದ ಸಭೆಗಳಲ್ಲಿ ಮಾತು ಎರಡೇ. ಒಂದು, ಮಕ್ಕಳ ಶಾಲೆಯ ಫೀಸು, ಪುಸ್ತಕ, ಯೂನಿಫಾರ್ಮು. ಇನ್ನೊಂದು, ಬಿತ್ತನೆ ಬೀಜ ಮತ್ತು ಗೊಬ್ಬರದ ಸಾಲ. ಇವೆರಡರ ನಡುವೆ ಚರ್ಚಿನ ಕ್ಯಾಲೆಂಡರಿನಲ್ಲಿ ಏನಿದೆ ಎಂದು ನೋಡುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಆದರೆ ಗೋಡೆಯ ಮೇಲಿರುವ ಆ ಕ್ಯಾಲೆಂಡರನ್ನು ಒಮ್ಮೆ ಇಳಿಸಿ, ಜೂನ್ ತಿಂಗಳ ಹಾಳೆ ನೋಡಿ. ಒಂದನೇ ತಾರೀಖಿನಿಂದ ಹಿಡಿದು ಮೂವತ್ತನೇ ತಾರೀಖಿನವರೆಗೆ ಎಷ್ಟು ಜನ ರಕ್ತಸಾಕ್ಷಿಗಳ ಹೆಸರುಗಳಿವೆ!

ರೋಮ್ ನಗರ ಇರುವ ಕಡೆ ಜೂನ್ ಅಂದರೆ ಬೇಸಿಗೆ ಶುರುವಾಗುವ ಕಾಲ. ನಮ್ಮ ಕಡೆ ಬೇಸಿಗೆ ಮುಗಿದು ಮಳೆ ಹಿಡಿಯುವ ಕಾಲ. ಕ್ಯಾಲೆಂಡರ್ ಅಲ್ಲಿಂದ ಬಂದದ್ದು, ಕೆಲಸ ಇಲ್ಲಿಯದು. ಈ ಪಾಠದಲ್ಲಿ ಆ ಹಬ್ಬಗಳು ಯಾವುವು, ಆ ಜನ ಯಾರು, ಅವರ ನೆನಪಿಗೂ ನಮ್ಮ ಸಂಘದ ಕೆಲಸಕ್ಕೂ ಏನು ಸಂಬಂಧ ಎಂಬುದನ್ನು ನೋಡೋಣ. ನಮ್ಮ ಸಂಘಗಳಲ್ಲಿ ಎಲ್ಲ ಜಾತಿ, ಧರ್ಮದ ಅಕ್ಕತಂಗಿಯರಿದ್ದಾರೆ. ಇದು ಕ್ರೈಸ್ತರಿಗೆ ಮಾತ್ರ ಅಂತ ಯಾರೂ ಎದ್ದು ಹೋಗಬೇಡಿ. ಇಲ್ಲಿ ಬರುವ ಹೆಂಗಸರ ಕಷ್ಟ ಎಲ್ಲರಿಗೂ ಗೊತ್ತಿರುವ ಕಷ್ಟವೇ.

1. ರಕ್ತಸಾಕ್ಷಿ ಎಂದರೆ ಯಾರು?

ಗ್ರೀಕ್ ಭಾಷೆಯಲ್ಲಿ ‘ಮಾರ್ತಿಸ್’ ಎಂಬ ಪದಕ್ಕೆ ಸಾಕ್ಷಿ ಎಂದೇ ಅರ್ಥ. ಕೋರ್ಟಿನಲ್ಲಿ ನಿಂತು ‘ನಾನು ಕಂಡದ್ದು ಇದು, ನಿಜ ಇದು’ ಎಂದು ಹೇಳುವವರು ಸಾಕ್ಷಿ. ಮೊದಲ ಶತಮಾನಗಳಲ್ಲಿ ಕ್ರಿಸ್ತನನ್ನು ನಂಬಿದ್ದೇನೆ ಎಂದು ಅಧಿಕಾರಿಗಳ ಮುಂದೆ ಹೇಳಿ, ಆ ಮಾತಿಗಾಗಿ ಪ್ರಾಣ ಕೊಟ್ಟವರನ್ನು ಜನ ಈ ಹೆಸರಿನಿಂದ ಕರೆದರು. ಕನ್ನಡದಲ್ಲಿ ನಾವು ರಕ್ತಸಾಕ್ಷಿ ಎನ್ನುತ್ತೇವೆ. ಎರಡು ಪದ ಸೇರಿದೆ ನೋಡಿ. ರಕ್ತ ಎಂಬುದು ಇತರರು ಅವರಿಗೆ ಮಾಡಿದ್ದು. ಸಾಕ್ಷಿ ಎಂಬುದು ಅವರು ತಾವಾಗಿ ಮಾಡಿದ್ದು. ಮುಖ್ಯವಾದದ್ದು ಎರಡನೆಯ ಪದ. ಇದನ್ನು ಈಗಲೇ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಕ್ತಸಾಕ್ಷಿಗಳ ದಿನ ಗುರುಗಳು ಕೆಂಪು ಬಣ್ಣದ ಪೂಜಾವಸ್ತ್ರ ಧರಿಸುತ್ತಾರೆ. ಅವರು ಸತ್ತ ದಿನವನ್ನೇ ಸ್ವರ್ಗದಲ್ಲಿ ಹುಟ್ಟಿದ ದಿನ ಎಂದು ಆಚರಿಸುತ್ತಾರೆ. ಹಬ್ಬಗಳಲ್ಲಿ ಮೂರು ದರ್ಜೆ ಇದೆ: ಮಹೋತ್ಸವ, ಹಬ್ಬ, ಸ್ಮರಣೆ. ಜೂನ್ ತಿಂಗಳ ರಕ್ತಸಾಕ್ಷಿಗಳಲ್ಲಿ ಹೆಚ್ಚಿನವರದು ಸ್ಮರಣೆ. ಅಂದು ರಜೆ ಇಲ್ಲ, ತೇರು ಇಲ್ಲ, ಊಟ ಇಲ್ಲ. ಬೆಳಗಿನ ಬಲಿಪೂಜೆಯಲ್ಲಿ ಹೆಸರು ಹೇಳಿ ನೆನೆಯುತ್ತಾರೆ ಅಷ್ಟೆ. ಹಾಗಾಗಿ ಎಷ್ಟೋ ಜನರಿಗೆ ಇವರು ಗೊತ್ತೇ ಇಲ್ಲ. ಜೂನ್ 13ರ ಸಂತ ಅಂತೋಣಿಯವರು ಎಲ್ಲರಿಗೂ ಗೊತ್ತು. ಆದರೆ ಅವರು ರಕ್ತಸಾಕ್ಷಿ ಅಲ್ಲ.

2. ಜೂನ್ 1: ಸಂತ ಜಸ್ಟಿನ್ ಮತ್ತು ಒಟ್ಟುಗೂಡಿಸಿದ ಹಣ

ಜಸ್ಟಿನ್ ಅವರು ಪಾಲೆಸ್ತೀನ್ ನಾಡಿನಲ್ಲಿ, ಈಗ ನಬ್ಲುಸ್ ಎಂದು ಕರೆಯುವ ಊರಿನಲ್ಲಿ ಹುಟ್ಟಿದವರು. ತತ್ವಶಾಸ್ತ್ರ ಓದಿದವರು. ಸತ್ಯ ಏನು ಎಂದು ಹುಡುಕುತ್ತಾ ಹೋಗಿ ಕ್ರೈಸ್ತರಾದರು, ರೋಮ್ ನಗರದಲ್ಲಿ ಪಾಠ ಹೇಳುತ್ತಿದ್ದರು. ಸುಮಾರು 165ರಲ್ಲಿ ಆರು ಮಂದಿ ಸಂಗಡಿಗರ ಜೊತೆ ಅವರ ತಲೆ ಕಡಿಸಿದರು. ಆ ಆರು ಮಂದಿಯಲ್ಲಿ ಖಾರಿತೊ ಎಂಬ ಹೆಂಗಸೂ ಇದ್ದಳು. ನ್ಯಾಯಾಧಿಕಾರಿ ಒಬ್ಬೊಬ್ಬರನ್ನಾಗಿ ಕೇಳಿದಾಗ ಆಕೆಯೂ ತಾನು ಕ್ರೈಸ್ತಳೆಂದು ತನ್ನ ಬಾಯಿಂದಲೇ ಹೇಳಿದಳು. ಅವಳ ಪರವಾಗಿ ಬೇರೆ ಯಾರೋ ಹೇಳಲಿಲ್ಲ.

ಜಸ್ಟಿನ್ ಅವರು ಸುಮಾರು 155ರಲ್ಲಿ ಚಕ್ರವರ್ತಿಗೆ ಒಂದು ಮನವಿ ಬರೆದಿದ್ದರು. ಕ್ರೈಸ್ತರು ಭಾನುವಾರ ಒಟ್ಟು ಸೇರಿ ಏನು ಮಾಡುತ್ತಾರೆ ಎಂಬುದನ್ನು ಅದರಲ್ಲಿ ವಿವರಿಸಿದ್ದಾರೆ. ಓದುತ್ತಾರೆ, ಪ್ರಾರ್ಥಿಸುತ್ತಾರೆ, ರೊಟ್ಟಿ ಹಂಚಿಕೊಳ್ಳುತ್ತಾರೆ, ಬರಲಾಗದವರ ಮನೆಗೆ ಕಳಿಸುತ್ತಾರೆ. ಅನುಕೂಲ ಇದ್ದವರು ತಮಗೆ ಮನಸ್ಸು ಬಂದಷ್ಟು ಹಣ ಕೊಡುತ್ತಾರೆ. ಆ ಹಣ ಸಭೆಯ ಮುಖ್ಯಸ್ಥರ ಹತ್ತಿರ ಇರುತ್ತದೆ. ತಬ್ಬಲಿ ಮಕ್ಕಳು, ವಿಧವೆಯರು, ಕಾಯಿಲೆಯವರು, ಸೆರೆಮನೆಯಲ್ಲಿರುವವರು, ಪರಊರಿನಿಂದ ಬಂದವರು – ಇವರಿಗೆ ಅದರಿಂದ ಸಹಾಯ ಆಗುತ್ತದೆ. ಇದು ಅವರ ವಿವರಣೆ.

ಇದನ್ನು ಓದಿದಾಗ ನಿಮಗೆ ಏನು ನೆನಪಾಯಿತು? ನಮಗಂತೂ ನಮ್ಮ ಸಂಘದ ಕಬ್ಬಿಣದ ಪೆಟ್ಟಿಗೆ ನೆನಪಾಯಿತು! ಆದರೆ ಒಂದು ವ್ಯತ್ಯಾಸ ಇದೆ. ನಮ್ಮ ಉಳಿತಾಯದಿಂದ ಸದಸ್ಯರಿಗೆ ಸಾಲ ಸಿಗುತ್ತದೆ. ಅವರ ಹಣದಿಂದ ವಾಪಸು ಕಟ್ಟಲು ಆಗದವರಿಗೂ ಸಹಾಯ ಸಿಗುತ್ತಿತ್ತು. ನಮ್ಮ ಬೀದಿಯಲ್ಲಿ ವಾರಕ್ಕೆ ಐವತ್ತು ರೂಪಾಯಿ ಕಟ್ಟಲಿಕ್ಕೂ ಆಗದೆ ಸಂಘಕ್ಕೆ ಸೇರದೇ ಇರುವವರು ಯಾರ್ಯಾರು ಇದ್ದಾರೆ? ಯೋಚನೆ ಮಾಡಿ.

3. ಜೂನ್ 2: ದಾಸಿ ಬ್ಲಾಂದಿನಾ

ಈಗಿನ ಫ್ರಾನ್ಸ್ ದೇಶದಲ್ಲಿ ಲಿಯೋನ್ ಎಂಬ ದೊಡ್ಡ ಪಟ್ಟಣ ಇದೆ. 177ರಲ್ಲಿ ಅಲ್ಲಿ ಕ್ರೈಸ್ತರ ಮೇಲೆ ಭಾರಿ ಹಿಂಸೆ ನಡೆಯಿತು. ನಡೆದದ್ದನ್ನು ಅಲ್ಲಿಯ ಕ್ರೈಸ್ತರೇ ಕಾಗದ ಬರೆದು ಏಷ್ಯಾದ ಸಭೆಗಳಿಗೆ ತಿಳಿಸಿದರು. ಆ ಕಾಗದದ ಹೆಚ್ಚಿನ ಭಾಗವನ್ನು ಯೂಸೇಬಿಯುಸ್ ಎಂಬ ಚರಿತ್ರೆಕಾರ ತನ್ನ ಪುಸ್ತಕದಲ್ಲಿ ಉಳಿಸಿದ್ದರಿಂದ ನಮಗೆ ಈ ವಿಷಯ ಗೊತ್ತಾಗಿದೆ.

ಮೊದಲು ಅಂಗಡಿ, ಸ್ನಾನಗೃಹ, ಸಂತೆ ಎಲ್ಲಿಯೂ ಕ್ರೈಸ್ತರು ಕಾಣಿಸಿಕೊಳ್ಳದ ಹಾಗೆ ಮಾಡಿದರು. ಆಮೇಲೆ ಕಲ್ಲು, ಹೊಡೆತ. ಅದಾದ ಮೇಲೆ ಸೆರೆಮನೆ. ಕ್ರೈಸ್ತರ ಮನೆಯಲ್ಲಿ ಕೆಲಸಕ್ಕಿದ್ದ ಕೆಲವು ದಾಸರನ್ನು ಹಿಡಿದು ಹೆದರಿಸಿದಾಗ ಅವರು ಹಿಂಸೆಗೆ ಅಂಜಿ ಸುಳ್ಳು ಹೇಳಿದರು. ಇವರು ಮಕ್ಕಳನ್ನು ಕೊಂದು ತಿನ್ನುತ್ತಾರೆ, ನಾಚಿಕೆಗೆಟ್ಟ ಕೆಲಸ ಮಾಡುತ್ತಾರೆ ಎಂದೆಲ್ಲ. ಆ ಸುಳ್ಳು ಊರಿಗೆಲ್ಲ ಹಬ್ಬಿತು. ಅಲ್ಲಿಯವರೆಗೆ ಸುಮ್ಮನಿದ್ದ ನೆರೆಹೊರೆಯವರೂ ತಿರುಗಿ ಬಿದ್ದರು.

ಬ್ಲಾಂದಿನಾ ಒಬ್ಬ ದಾಸಿ. ಅವಳ ಯಜಮಾನಿಯೂ ಕ್ರೈಸ್ತಳು, ಅವಳೂ ಸೆರೆಯಲ್ಲಿದ್ದಳು. ‘ಇವಳ ಮೈಯಲ್ಲಿ ಶಕ್ತಿ ಇಲ್ಲ, ಹೆದರಿ ಏನಾದರೂ ಹೇಳಿಬಿಡ್ತಾಳೆ’ ಎಂದು ಯಜಮಾನಿಗೇ ಭಯ ಇತ್ತು. ಆದರೆ ಬೆಳಗಿನಿಂದ ಸಂಜೆಯವರೆಗೆ ಸರದಿಯ ಮೇಲೆ ಹಿಂಸೆ ಕೊಟ್ಟವರು ಸುಸ್ತಾದರು, ಬ್ಲಾಂದಿನಾ ಸೋಲಲಿಲ್ಲ. ತಾನು ಕ್ರೈಸ್ತಳು, ತಮ್ಮಲ್ಲಿ ಯಾವ ಕೆಟ್ಟ ಕೆಲಸವೂ ನಡೆಯುವುದಿಲ್ಲ ಎಂದಷ್ಟೇ ಹೇಳುತ್ತಿದ್ದಳು. ನೋಡಿ, ಅವಳು ತನ್ನ ನಂಬಿಕೆಯನ್ನು ಮಾತ್ರ ಹೇಳಲಿಲ್ಲ. ಎಲ್ಲರ ಮೇಲೆ ಬಂದಿದ್ದ ಸುಳ್ಳು ಅಪವಾದವನ್ನೂ ಅಲ್ಲಗಳೆದಳು. ದಾಸರ ಬಾಯಿಂದ ಬಂದ ಸುಳ್ಳನ್ನು ಒಬ್ಬ ದಾಸಿಯೇ ಎದುರಿಸಿದಳು.

ಅವಳನ್ನು ಕಂಬಕ್ಕೆ ಕಟ್ಟಿ ಕಾಡುಪ್ರಾಣಿಗಳ ಮುಂದೆ ಬಿಟ್ಟರು, ಅವು ಮುಟ್ಟಲಿಲ್ಲ. ಕೊನೆಯ ದಿನ ಹದಿನೈದು ವರ್ಷದ ಪೊಂತಿಕುಸ್ ಎಂಬ ಹುಡುಗನ ಜೊತೆ ಅಖಾಡಕ್ಕೆ ತಂದರು. ಹುಡುಗನಿಗೆ ಧೈರ್ಯ ತುಂಬುತ್ತಾ ಅವನು ಸಾಯುವವರೆಗೆ ಜೊತೆಗಿದ್ದಳು. ಎಲ್ಲರಿಗಿಂತ ಕಡೆಯಲ್ಲಿ ಅವಳನ್ನು ಬಲೆಯಲ್ಲಿ ಸುತ್ತಿ ಗೂಳಿಯ ಮುಂದೆ ಹಾಕಿದರು. ಅದೇ ದಿನಗಳಲ್ಲಿ ತೊಂಬತ್ತು ವರ್ಷ ದಾಟಿದ ಧರ್ಮಾಧ್ಯಕ್ಷ ಪೊಥಿನುಸ್ ಸೆರೆಮನೆಯಲ್ಲಿ ತೀರಿಕೊಂಡಿದ್ದರು. ಸತ್ತವರ ದೇಹಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಹಾಕಿದರು. ನೆನಪು ಉಳಿಯಬಾರದು ಎಂಬುದು ಅವರ ಉದ್ದೇಶ. ಆದರೆ ಆ ಅಖಾಡದ ಅವಶೇಷ ಲಿಯೋನ್ ಪಟ್ಟಣದಲ್ಲಿ ಇವತ್ತಿಗೂ ಇದೆ. ಅವರ ನೆನಪಿಗೆ ನಡುವೆ ಒಂದು ಕಂಬ ನಿಲ್ಲಿಸಿದ್ದಾರೆ.

ಇನ್ನೊಬ್ಬಳ ಹೆಸರು ಬಿಬ್ಲಿಸ್. ಇವಳು ಮೊದಲು ಹೆದರಿ, ತಾನು ಕ್ರೈಸ್ತಳಲ್ಲ ಎಂದಿದ್ದಳು. ಉಳಿದವರ ಮೇಲೂ ಸುಳ್ಳು ಹೇಳಲಿ ಎಂದು ಅವಳಿಗೆ ಮತ್ತೆ ಹಿಂಸೆ ಕೊಟ್ಟರು. ಆಗ ಅವಳಿಗೆ ನಿದ್ದೆಯಿಂದ ಎಚ್ಚರ ಆದ ಹಾಗಾಯಿತು. ಪ್ರಾಣಿಗಳ ರಕ್ತವನ್ನೇ ತಿನ್ನದ ಜನ ಮಕ್ಕಳನ್ನು ಹೇಗೆ ತಿಂದಾರು ಎಂದು ಎದುರು ಪ್ರಶ್ನೆ ಹಾಕಿದಳು. ಅವಳೂ ರಕ್ತಸಾಕ್ಷಿಗಳ ಸಾಲಿಗೆ ಸೇರಿದಳು. ಒಂದು ಸಲ ಹೆದರಿ ತಪ್ಪು ಹೇಳಿದವಳಿಗೆ ದಾರಿ ಮುಚ್ಚಿಹೋಗುವುದಿಲ್ಲ. ಸೆರೆಯಲ್ಲಿದ್ದ ಧೈರ್ಯವಂತರು ಹೆದರಿದವರನ್ನು ಹೀಯಾಳಿಸದೆ, ಕಣ್ಣೀರು ಹಾಕಿ ಪ್ರಾರ್ಥಿಸಿ ಅವರನ್ನು ಮತ್ತೆ ಹತ್ತಿರ ಸೇರಿಸಿಕೊಂಡರು ಎಂದು ಆ ಕಾಗದದಲ್ಲೇ ಇದೆ.

4. ಜೂನ್ 3: ಉಗಾಂಡದ ಯುವಕರು

ಇದು ಅಷ್ಟು ಹಳೆಯದಲ್ಲ, ನಮ್ಮ ಮುತ್ತಜ್ಜಿಯರ ಕಾಲದ್ದು. ಆಫ್ರಿಕಾದ ಬುಗಾಂಡ ರಾಜ್ಯಕ್ಕೆ 1884ರಲ್ಲಿ ಮ್ವಾಂಗ ಎಂಬ ಎಳೆಯ ವಯಸ್ಸಿನವನು ರಾಜನಾದ. ಅರಮನೆಯ ಸೇವೆಗೆ ಬಹಳ ಹುಡುಗರಿದ್ದರು. ಅವರಲ್ಲಿ ಕೆಲವರು ಕಥೋಲಿಕರು, ಕೆಲವರು ಆಂಗ್ಲಿಕನ್ ಸಭೆಯವರು. ರಾಜನು ಈ ಹುಡುಗರನ್ನು ತನ್ನ ಕೆಟ್ಟ ಬಯಕೆಗೆ ಕರೆಯುತ್ತಿದ್ದ. ಅವರು ಒಲ್ಲೆ ಎಂದರು. ತನ್ನ ಮಾತಿಗಿಂತ ದೊಡ್ಡದು ಇನ್ನೊಂದಿದೆ ಎಂದು ಸೇವಕರು ತಿಳಿದದ್ದು ರಾಜನಿಗೆ ಸಿಟ್ಟು ತಂದಿತು.

ಹುಡುಗರನ್ನು ನೋಡಿಕೊಳ್ಳುತ್ತಿದ್ದ ಜೋಸೆಫ್ ಮುಕಾಸ ಎಂಬವರು ರಾಜನಿಗೆ ಎದುರಾಗಿ ಬುದ್ಧಿ ಹೇಳಿದ್ದಕ್ಕೆ 1885ರ ನವೆಂಬರ್ 15ರಂದು ಕೊಲೆಯಾದರು. ಅವರ ಜಾಗಕ್ಕೆ ಬಂದವರು ಚಾರ್ಲ್ಸ್ ಲ್ವಾಂಗ. ವಯಸ್ಸು ಸುಮಾರು ಇಪ್ಪತ್ತೈದು. ಮೊದಲಿದ್ದವರಿಗೆ ಏನಾಯಿತು ಎಂದು ಗೊತ್ತಿದ್ದೂ ಅವರು ಹುಡುಗರನ್ನು ರಾಜನಿಂದ ಕಾಪಾಡುವ ಕೆಲಸ ನಿಲ್ಲಿಸಲಿಲ್ಲ. 1886ರ ಮೇ ಕೊನೆಯಲ್ಲಿ ರಾಜನು ಕ್ರೈಸ್ತ ಹುಡುಗರನ್ನು ಪ್ರತ್ಯೇಕವಾಗಿ ನಿಲ್ಲಿಸಿದ. ಅದರ ಹಿಂದಿನ ರಾತ್ರಿಯೇ ಲ್ವಾಂಗ ಅವರು ಇನ್ನೂ ದೀಕ್ಷಾಸ್ನಾನ ಆಗದಿದ್ದ ಕೆಲವರಿಗೆ ದೀಕ್ಷಾಸ್ನಾನ ಕೊಟ್ಟಿದ್ದರು. ಅವರಲ್ಲಿ ಸುಮಾರು ಹದಿನಾಲ್ಕು ವರ್ಷದ ಕಿಜಿತೊ ಒಬ್ಬ. ಎಲ್ಲರನ್ನೂ ಕಟ್ಟಿಹಾಕಿ ದೂರದ ನಮುಗೊಂಗೊ ಎಂಬಲ್ಲಿಗೆ ನಡೆಸಿಕೊಂಡು ಹೋಗಿ, ಜೂನ್ 3ರಂದು ಬೆಂಕಿಗೆ ಹಾಕಿದರು. ಕಥೋಲಿಕರೂ ಆಂಗ್ಲಿಕನ್ ಹುಡುಗರೂ ಒಂದೇ ಬೆಂಕಿಯಲ್ಲಿ ಸತ್ತರು.

ಮಿತ್ಯಾನ ಎಂಬಲ್ಲಿ ಮೇ 31ರಂದು ನೋವಾ ಮವಗ್ಗಲಿ ಎಂಬ ಕುಂಬಾರನನ್ನು ಕೊಂದಾಗ ಅವನ ತಂಗಿ ಮುನಾಕು, ತಾನೂ ಅಣ್ಣನ ನಂಬಿಕೆಯವಳೇ ಎಂದು ತಾನಾಗಿ ಮುಂದೆ ಬಂದಳು. ಅವಳನ್ನು ಕೊಲ್ಲದೆ ಸೆರೆಯಲ್ಲಿಟ್ಟರು. ಮಿಷನರಿಗಳು ಅವಳನ್ನು ಬಿಡಿಸಿಕೊಂಡರು. ಕ್ಯಾಲೆಂಡರಿನಲ್ಲಿ ಅವಳ ಹೆಸರಿಲ್ಲ. ಬದುಕಿ ಉಳಿದ ಸಾಕ್ಷಿಗಳ ಹೆಸರು ಹೀಗೆ ಬಿಟ್ಟುಹೋಗುವುದು ಹೆಚ್ಚು.

1885ರಿಂದ 1887ರವರೆಗೆ ಸತ್ತ 22 ಮಂದಿ ಕಥೋಲಿಕರನ್ನು ಪೋಪ್ ಆರನೇ ಪೌಲರು 1964ರ ಅಕ್ಟೋಬರ್ 18ರಂದು ಸಂತರೆಂದು ಘೋಷಿಸಿದರು. ಆಂಗ್ಲಿಕನ್ ಸಭೆಯ 23 ಮಂದಿಯನ್ನೂ ಗೌರವದಿಂದ ನೆನೆದರು. ಉಗಾಂಡ ದೇಶದಲ್ಲಿ ಜೂನ್ 3 ಸರ್ಕಾರಿ ರಜೆ. ಲಕ್ಷಾಂತರ ಜನ ನಮುಗೊಂಗೊಗೆ ಬರುತ್ತಾರೆ, ದಿನಗಟ್ಟಲೆ ನಡೆದು ಬರುವವರೂ ಉಂಟು.

ದೊಡ್ಡ ಮನುಷ್ಯನ ಕಣ್ಣಿನಿಂದ ಮಕ್ಕಳನ್ನು ಕಾಪಾಡಿದ್ದು ಲ್ವಾಂಗ ಅವರ ಸಾಕ್ಷಿ. ನಮ್ಮ ಊರಿನಲ್ಲೂ ಇಂಥದ್ದು ನಡೆದಾಗ ‘ದೊಡ್ಡವರ ವಿಷಯ, ನಮಗ್ಯಾಕೆ’ ಎನ್ನುತ್ತೇವಲ್ಲ! ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2012ರಿಂದ ಪೋಕ್ಸೋ ಎಂಬ ಪ್ರತ್ಯೇಕ ಕಾನೂನೇ ಇದೆ. ಗೊತ್ತಿದ್ದೂ ತಿಳಿಸದೇ ಇರುವುದು ಆ ಕಾನೂನಿನಲ್ಲಿ ಅಪರಾಧ. ಮಕ್ಕಳ ಸಹಾಯವಾಣಿ 1098. ಈ ನಂಬರನ್ನು ಸಂಘದ ಪುಸ್ತಕದ ರಟ್ಟಿನ ಮೇಲೆ ಬರೆದಿಡಿ.

5. ಜೂನ್ 22: ಒಂದು ಸಹಿಯ ಬೆಲೆ

ಈ ದಿನ ಇಂಗ್ಲೆಂಡಿನ ಇಬ್ಬರ ಸ್ಮರಣೆ. ಧರ್ಮಾಧ್ಯಕ್ಷ ಜಾನ್ ಫಿಶರ್ ಮತ್ತು ರಾಜನ ಮುಖ್ಯಮಂತ್ರಿಯಂತೆ ಇದ್ದ ವಕೀಲ ತೋಮಸ್ ಮೋರ್. ಎಂಟನೇ ಹೆನ್ರಿ ರಾಜ ತನ್ನ ಮದುವೆಯ ವಿಷಯದಲ್ಲಿ ಪೋಪರನ್ನು ಬಿಟ್ಟು, ಸಭೆಗೂ ತಾನೇ ಮುಖ್ಯಸ್ಥ ಎಂದ. ಎಲ್ಲರೂ ಅದಕ್ಕೆ ಪ್ರಮಾಣ ಮಾಡಬೇಕಿತ್ತು. ದೇಶದ ದೊಡ್ಡವರಲ್ಲಿ ಹೆಚ್ಚಿನವರು ಮಾಡಿದರು. ಇವರಿಬ್ಬರು ಮಾಡಲಿಲ್ಲ. ಫಿಶರ್ ಅವರ ತಲೆಯನ್ನು 1535ರ ಜೂನ್ 22ರಂದು, ಮೋರ್ ಅವರ ತಲೆಯನ್ನು ಜುಲೈ 6ರಂದು ಕಡಿಸಿದರು. 1935ರಲ್ಲಿ ಇಬ್ಬರೂ ಸಂತರೆಂದು ಘೋಷಿತರಾದರು. ಮೋರ್ ಅವರು ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ವಿದ್ಯೆ ಕೊಟ್ಟವರು. ಅವರ ಮಗಳು ಮಾರ್ಗರೆಟ್ ಆ ಕಾಲದ ದೊಡ್ಡ ವಿದ್ಯಾವಂತೆ. ಪಟ್ಟಣದ ಸೇತುವೆಯ ಮೇಲೆ ಪ್ರದರ್ಶನಕ್ಕೆ ಇಟ್ಟಿದ್ದ ತಂದೆಯ ತಲೆಯನ್ನು ಆಕೆ ಪಡೆದುಕೊಂಡು ಕಾಪಾಡಿದಳು.

ಇಲ್ಲಿ ನಾವು ನಮ್ಮದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಸಂಘದಲ್ಲಿ ಸೋಮವಾರ ಬ್ಯಾಂಕಿಗೆ ಕಾಗದ ಕೊಡಬೇಕೆಂದು ಶನಿವಾರ ಸಂಜೆ ಅವಸರದಲ್ಲಿ ಸಹಿ ಹಾಕಿಸುತ್ತಿದ್ದರು. ನಡಾವಳಿಯ ಹಾಳೆಯಲ್ಲಿ ಮೇಲೆ ತಾರೀಖು ಮಾತ್ರ ಇತ್ತು, ಉಳಿದದ್ದು ಖಾಲಿ. ಸದಸ್ಯರೆಲ್ಲ ಸಹಿ ಹಾಕಿದರು. ಒಬ್ಬಾಕೆ ಮಾತ್ರ ಪೆನ್ನು ಹಿಡಿದು ಕೂತಿದ್ದಳು. ಹೆಬ್ಬೆಟ್ಟು ಒತ್ತುತ್ತಿದ್ದವಳು, ನಮ್ಮ ಸಾಕ್ಷರತಾ ತರಗತಿಯಲ್ಲಿ ಆಗತಾನೇ ಹೆಸರು ಬರೆಯಲು ಕಲಿತಿದ್ದಳು. ‘ಇದ್ರಲ್ಲಿ ಎಷ್ಟು ಸಾಲ, ಯಾರಿಗೆ ಅಂತ ಏನೂ ಬರ್ದಿಲ್ವಲ್ಲ ಸಿಸ್ಟರ್?’ ಅಂದಳು. ಬಸ್ಸಿಗೆ ಹೊತ್ತಾಗಿತ್ತು. ‘ಆಮೇಲೆ ಬರೀತಾರೆ, ನೀನು ಹಾಕಮ್ಮ’ ಎಂದದ್ದು ನಾವೇ. ಆಕೆ ಹಾಕಲಿಲ್ಲ.

ಅಂದಿನಿಂದ ಸಂಘದವರು ಆಕೆಯ ಜೊತೆ ಮಾತು ಬಿಟ್ಟರು. ‘ಇವಳಿಂದ ನಮ್ಮೆಲ್ಲರ ಸಾಲ ತಡ ಆಯ್ತು’ ಎಂದು ಬೈದರು. ನಾಟಿ ಕೆಲಸಕ್ಕೆ ಗುಂಪು ಕಟ್ಟುವಾಗ ಆಕೆಯನ್ನು ಕರೆಯಲಿಲ್ಲ. ನಾವೂ ಆಕೆಯ ಪರ ಒಂದು ಮಾತು ಆಡಲಿಲ್ಲ. ನಾಲ್ಕು ತಿಂಗಳಾದ ಮೇಲೆ ಲೆಕ್ಕ ತಪಾಸಣೆಯಲ್ಲಿ ಗೊತ್ತಾಯಿತು: ಅದಕ್ಕೂ ಹಿಂದೆ ಹೀಗೇ ಸಹಿ ಮಾಡಿದ್ದ ಖಾಲಿ ಹಾಳೆಗಳಲ್ಲಿ, ಸಾಲವನ್ನೇ ತೆಗೆಯದ ಸದಸ್ಯರ ಹೆಸರಿನಲ್ಲಿ ಸಾಲ ಬರೆದಿದ್ದರು. ಕೂಲಿ ಮಾಡುವ ಹೆಂಗಸರು ತಾವು ಕಣ್ಣಿನಿಂದಲೂ ನೋಡದ ಹಣಕ್ಕೆ ಕಂತು ಕಟ್ಟಬೇಕಾಯಿತು.

ನಾವು ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಆಕೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತಾ, ‘ಸಹಿ ಹಾಕೋದು ಕಲ್ಸಿದ್ದು ನೀವೇ ಅಲ್ವಾ ಸಿಸ್ಟರ್. ಓದ್ದೇ ಹಾಕೋದಾದ್ರೆ ಹೆಬ್ಬೆಟ್ಟೇ ಸಾಕಿತ್ತು’ ಎಂದಳು. ಆಕೆ ಕ್ರೈಸ್ತಳಲ್ಲ, ತೋಮಸ್ ಮೋರರ ಹೆಸರು ಕೇಳಿದವಳೂ ಅಲ್ಲ. ಈಗ ಪ್ರತಿ ವರ್ಷ ಜೂನ್ 22ರ ಬಲಿಪೂಜೆಯಲ್ಲಿ ನಮಗೆ ಆಕೆಯ ನೆನಪು ಬರುತ್ತದೆ.

6. ಜೂನ್ 24, 29 ಮತ್ತು 30

ಜೂನ್ 24 ಸ್ನಾನಿಕ ಯೊವಾನ್ನರ ಜನನದ ಮಹೋತ್ಸವ. ಹೆಚ್ಚಿನ ಸಂತರಿಗೆ ಮರಣದ ದಿನ ಹಬ್ಬ. ಯೊವಾನ್ನರಿಗೆ ಹುಟ್ಟಿದ ದಿನವೂ ಇದೆ, ಆಗಸ್ಟ್ 29ರಂದು ಮರಣದ ನೆನಪೂ ಇದೆ. ಹೆರೋದ ರಾಜನು ಸಹೋದರನ ಹೆಂಡತಿಯನ್ನು ಇಟ್ಟುಕೊಂಡದ್ದು ತಪ್ಪು ಎಂದು ಹೇಳಿದ್ದಕ್ಕೆ ಅವರ ತಲೆ ಹೋಯಿತು.

ಆದರೆ ಈ ಹಬ್ಬದ ಶುಭಸಂದೇಶದಲ್ಲಿ ಹೆಂಗಸರು ಗಮನಿಸಬೇಕಾದ ಒಂದು ಸಂಗತಿ ಇದೆ. ಮಗುವಿಗೆ ಹೆಸರಿಡುವ ದಿನ ನೆಂಟರೆಲ್ಲ ಸೇರಿ ತಂದೆಯ ಹೆಸರನ್ನೇ ಇಡಲು ಹೊರಟರು. ತಾಯಿ ಎಲಿಜಬೇತಳು ಬೇಡ, ಯೊವಾನ್ನ ಎಂದೇ ಇಡಬೇಕು ಎಂದಳು. ಯಾರೂ ಕೇಳಲಿಲ್ಲ. ನಿಮ್ಮ ವಂಶದಲ್ಲಿ ಆ ಹೆಸರೇ ಇಲ್ಲವಲ್ಲ ಎಂದು ಹೇಳಿ, ಮಾತು ಬಾರದೆ ಕೂತಿದ್ದ ಗಂಡನಿಗೆ ಸನ್ನೆ ಮಾಡಿ ಕೇಳಿದರು! ಅವನು ಹಲಗೆ ತರಿಸಿ ಅದೇ ಹೆಸರು ಬರೆದ ಮೇಲೆಯೇ ಎಲ್ಲರಿಗೂ ಆಶ್ಚರ್ಯ. ಮಾತಾಡಬಲ್ಲ ಹೆಂಗಸಿಗಿಂತ ಮಾತು ಬಾರದ ಗಂಡಸಿನ ಮಾತಿಗೆ ಬೆಲೆ. ಗ್ರಾಮಸಭೆಯಲ್ಲಿ ಇದನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಆದರೂ ಎಲಿಜಬೇತಳು ಹೇಳುವುದನ್ನು ಹೇಳಿಯೇ ಹೇಳಿದಳು. ಇದೇ ಎಲಿಜಬೇತಳ ಬಾಣಂತನದ ಮೊದಲು ಮಾತೆ ಮರಿಯಮ್ಮ ಬೆಟ್ಟದ ಊರಿಗೆ ಹೋಗಿ ಮೂರು ತಿಂಗಳು ಜೊತೆಗಿದ್ದದ್ದು. ಅದರ ಹಬ್ಬ ಮೇ 31.

ಜೂನ್ 29 ಪ್ರೇಷಿತರಾದ ಪೇತ್ರ ಮತ್ತು ಪೌಲರ ಮಹೋತ್ಸವ. ಇಬ್ಬರೂ ರೋಮ್ ನಗರದಲ್ಲಿ ನೀರೋ ಚಕ್ರವರ್ತಿಯ ಕಾಲದಲ್ಲಿ ಪ್ರಾಣ ಕೊಟ್ಟವರು. ಪೇತ್ರರು ಒಬ್ಬ ಕೆಲಸದ ಹುಡುಗಿಯ ಪ್ರಶ್ನೆಗೆ ಹೆದರಿ, ಯೇಸುಸ್ವಾಮಿಯನ್ನು ತಾನು ಬಲ್ಲವನೇ ಅಲ್ಲ ಎಂದು ಹೇಳಿದವರು. ಪೌಲರು ಮೊದಲು ಕ್ರೈಸ್ತರನ್ನು ಹಿಡಿದು ಸೆರೆಗೆ ಹಾಕುತ್ತಿದ್ದವರು. ಇಂಥವರೇ ಸಭೆಯ ಎರಡು ಕಂಬಗಳಾದರು.

ಜೂನ್ 30 ರೋಮಿನ ಮೊದಲ ರಕ್ತಸಾಕ್ಷಿಗಳ ದಿನ. 64ರ ಜುಲೈ ತಿಂಗಳಲ್ಲಿ ರೋಮ್ ನಗರ ಬೆಂಕಿಗೆ ಬಿತ್ತು. ಜನ ನೀರೋನ ಮೇಲೆಯೇ ಅನುಮಾನ ಪಟ್ಟರು. ತಪ್ಪಿಸಿಕೊಳ್ಳಲು ಅವನು ಆ ಅಪವಾದವನ್ನು ಸಣ್ಣ ಗುಂಪಾಗಿದ್ದ ಕ್ರೈಸ್ತರ ಮೇಲೆ ಹೊರಿಸಿದ. ಕ್ರೈಸ್ತನಲ್ಲದ ಚರಿತ್ರೆಕಾರ ತಾಸಿತುಸ್ ಎಂಬವನೇ ಇದನ್ನು ಬರೆದಿದ್ದಾನೆ. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಸೇರಿ ಒಂದು ದಿನ. ಊರಲ್ಲಿ ಏನಾದರೂ ಕೆಡುಕಾದಾಗ ಬಡ ಕೇರಿಯವರ ಮೇಲೆ, ವಲಸೆ ಬಂದವರ ಮೇಲೆ, ಒಂಟಿ ಹೆಂಗಸಿನ ಮೇಲೆ ತಪ್ಪು ಹೊರಿಸುವುದನ್ನು ಕಂಡಾಗ ಈ ದಿನ ನೆನಪಾಗಬೇಕು.

7. ನಮ್ಮ ದೇಶದ ಒಬ್ಬ ಸಿಸ್ಟರ್

ನಮ್ಮ ಕಡೆ ಬೇಸಿಗೆ ಕಾಲಿಡುವ ಹೊತ್ತಿನಲ್ಲಿ, ಫೆಬ್ರವರಿ 25ರಂದು, ಸಿಸ್ಟರ್ ರಾಣಿ ಮರಿಯ ಅವರ ನೆನಪು ಬರುತ್ತದೆ. ಜೂನ್ ತಿಂಗಳದ್ದಲ್ಲದಿದ್ದರೂ ಸ್ವಸಹಾಯ ಸಂಘದವರು ಇವರನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ.

ಅವರು 1954ರಲ್ಲಿ ಕೇರಳದಲ್ಲಿ ಹುಟ್ಟಿ, ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆಯ ಕನ್ಯಾಸ್ತ್ರೀಯಾಗಿ ಮಧ್ಯಪ್ರದೇಶದಲ್ಲಿ ಕೆಲಸ ಮಾಡಿದರು. ಉದಯನಗರದ ಸುತ್ತಿನ ಆದಿವಾಸಿಗಳು ಸಾಹುಕಾರರ ಬಡ್ಡಿಯಲ್ಲಿ ಮುಳುಗಿದ್ದರು. ಸಿಸ್ಟರ್ ಅವರನ್ನು ಗುಂಪು ಕಟ್ಟಿಸಿ, ಉಳಿತಾಯ ಕಲಿಸಿ, ಬ್ಯಾಂಕ್ ಸಾಲ ಮತ್ತು ಸರ್ಕಾರದ ಯೋಜನೆಗಳನ್ನು ನೇರವಾಗಿ ಪಡೆಯುವ ದಾರಿ ತೋರಿಸಿದರು. ಬಡ್ಡಿ ವ್ಯಾಪಾರ ಮಾಡುವವರಿಗೆ ಹೊಟ್ಟೆ ಉರಿಯಿತು. 1995ರ ಫೆಬ್ರವರಿ 25ರಂದು ಇಂದೋರಿಗೆ ಹೋಗುವ ಬಸ್ಸಿನಲ್ಲಿ ಜನರ ಮುಂದೆಯೇ ಒಬ್ಬನ ಕೈಯಿಂದ ಅವರನ್ನು ಚೂರಿಯಿಂದ ತಿವಿಸಿ ಕೊಲ್ಲಿಸಿದರು. ಆಗ ಅವರಿಗೆ 41 ವರ್ಷ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ಅವರನ್ನು ರಕ್ತಸಾಕ್ಷಿ ಎಂದು ಗೌರವಿಸಿ, ಧನ್ಯರೆಂದು ಘೋಷಿಸಲಾಯಿತು.

ಅವರ ತಂಗಿಯೂ ಕನ್ಯಾಸ್ತ್ರೀ. 2002ರಲ್ಲಿ ಆಕೆ ಜೈಲಿಗೆ ಹೋಗಿ ಕೊಂದವನ ಕೈಗೆ ರಾಖಿ ಕಟ್ಟಿ ಸಹೋದರ ಎಂದಳು. ಕುಟುಂಬದವರು ಕ್ಷಮಿಸಿ, ಅವನ ಬಿಡುಗಡೆಗೆ ಒಪ್ಪಿಗೆ ಕೊಟ್ಟರು. 2006ರಲ್ಲಿ ಅವನು ಹೊರಗೆ ಬಂದ. ಕ್ಷಮೆ ಬಂದದ್ದು ಕೋರ್ಟಿನಲ್ಲಿ ತೀರ್ಪು ಆಗಿ, ಸತ್ಯ ಹೊರಬಿದ್ದ ಮೇಲೆ. ಇದನ್ನೂ ಗಮನಿಸಿ.

ನಾವು ವಾರವಾರ ಕೂತು ಬರೆಯುವ ಉಳಿತಾಯದ ಲೆಕ್ಕಕ್ಕಾಗಿಯೇ ಒಬ್ಬಾಕೆ ಪ್ರಾಣ ಕೊಟ್ಟಿದ್ದಾರೆ. ಪಾಸ್ ಬುಕ್ ತೆರೆಯುವಾಗ ಇದು ನೆನಪಿರಲಿ.

8. ಸಹಿಸಿಕೊಂಡಿರುವುದೇ ಸಾಕ್ಷಿ ಅಲ್ಲ

ಈ ಪಾಠದಲ್ಲಿ ಮುಖ್ಯವಾಗಿ ಹೇಳಬೇಕಾದ ಮಾತು ಇದು. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸು ಅತ್ತುಕೊಂಡು ಬಂದಾಗ, ‘ಯೇಸುಸ್ವಾಮಿ ಶಿಲುಬೆ ಹೊರಲಿಲ್ವಾ, ಸಂತರು ಸಹಿಸಲಿಲ್ವಾ, ನೀನೂ ಸಹಿಸ್ಕೋ’ ಎಂದು ಹೇಳಿ ಕಳಿಸುವ ಅಭ್ಯಾಸ ನಮ್ಮಲ್ಲಿದೆ. ಬೇರೆ ಧರ್ಮದವರಲ್ಲೂ ಬೇರೆ ಹೆಸರು ಹೇಳಿ ಇದೇ ಮಾತು ನಡೆಯುತ್ತದೆ. ಇದು ರಕ್ತಸಾಕ್ಷಿಗಳ ಹೆಸರಿಗೆ ಮಾಡುವ ಅವಮಾನ. ಬ್ಲಾಂದಿನಾ ಸುಮ್ಮನೆ ಹೊಡೆತ ತಿಂದವಳಲ್ಲ, ಸುಳ್ಳನ್ನು ಸುಳ್ಳೆಂದು ಹೇಳಿದವಳು. ಲ್ವಾಂಗ ಅವರು ಹುಡುಗರಿಗೆ ‘ರಾಜ ಹೇಳಿದ ಹಾಗೆ ಹೊಂದಿಕೊಂಡು ಹೋಗಿ’ ಎನ್ನಲಿಲ್ಲ. ಸಭೆ ಯಾರಿಗೂ ಪ್ರಾಣ ಕಳೆದುಕೊಳ್ಳಲು ತಾವಾಗಿ ಹೋಗಿ ಎಂದು ಕಲಿಸಿಲ್ಲ. ಅಪಾಯ ಬಂದಾಗ ಬೇರೆ ಊರಿಗೆ ಓಡಿಹೋಗಲು ಯೇಸುಸ್ವಾಮಿಯೇ ಶಿಷ್ಯರಿಗೆ ಹೇಳಿದ್ದರು.

ಹಾಗಾಗಿ ಹೊಡೆತ ತಿನ್ನುವ ಸಹೋದರಿ ಮನೆ ಬಿಟ್ಟು ಜೀವ ಉಳಿಸಿಕೊಂಡರೆ ಅದು ಪಾಪವಲ್ಲ. ಕೌಟುಂಬಿಕ ಹಿಂಸೆಯಿಂದ ರಕ್ಷಣೆ ಕೊಡುವ ಕಾನೂನು 2005ರಲ್ಲಿ ಆಗಿದೆ. ಆ ಕಾನೂನಿನಲ್ಲಿ ರಕ್ಷಣಾಧಿಕಾರಿಗಳಿದ್ದಾರೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಆಕೆಗೆ ಬೇಕಾದದ್ದು ನಮ್ಮ ಉಪದೇಶವಲ್ಲ. ‘ಹೌದು, ನಾನು ನೋಡಿದ್ದೇನೆ’ ಎಂದು ಹೇಳುವ ಪಕ್ಕದ ಮನೆಯವಳು. ರಕ್ತ ಬೇಡ, ಸಾಕ್ಷಿ ಬೇಕು.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ಓದಿ ಹೇಳದೆ ಸಹಿ ಹಾಕಿಸಿದ ಕಾಗದಗಳು ಇವೆಯೇ? ಯಾರಾದರೂ ಪ್ರಶ್ನೆ ಕೇಳಿದಾಗ ನಾವು ಅವರ ಜೊತೆ ಹೇಗೆ ನಡೆದುಕೊಂಡೆವು?
2. ‘ನಮಗ್ಯಾಕೆ’ ಎಂದು ನಾವು ಬಾಯಿ ಮುಚ್ಚಿಕೊಂಡ ಒಂದು ಸಂದರ್ಭ ಯಾವುದು? ಯಾವುದಕ್ಕೆ ಹೆದರಿದೆವು?
3. ಬಿಬ್ಲಿಸ್ ಹಾಗೆ ಮೊದಲು ಹೆದರಿ ಆಮೇಲೆ ಸತ್ಯ ಹೇಳಿದವರನ್ನು ನಮ್ಮ ಸಂಘ ಸೇರಿಸಿಕೊಳ್ಳುತ್ತದೆಯೇ?
4. ವಾರದ ಉಳಿತಾಯ ಕಟ್ಟಲಾಗದ ಹೆಂಗಸರಿಗೆ ನಮ್ಮ ಸಂಘದಿಂದ ಏನು ಮಾಡಬಹುದು?

ಈ ತಿಂಗಳು ಮಾಡುವ ಕೆಲಸ

ಒಂದು, ನಡಾವಳಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ, ಸಾಲ ಪಡೆಯುವವರ ಹೆಸರು ಮತ್ತು ಮೊತ್ತವನ್ನು ಅಂಕೆಯಲ್ಲೂ ಅಕ್ಷರದಲ್ಲೂ ಬರೆದ ನಂತರವೇ ಸಹಿ ಹಾಕುವುದು. ಖಾಲಿ ಜಾಗ ಉಳಿದರೆ ಅಡ್ಡಗೆರೆ ಎಳೆಯುವುದು. ನಾವೇ ಬಂದು ಅವಸರ ಮಾಡಿದರೂ ಹಾಕಬೇಡಿ!

ಎರಡು, ಜೂನ್ 12 ಬಾಲಕಾರ್ಮಿಕ ವಿರೋಧಿ ದಿನ. ನಿಮ್ಮ ಬೀದಿಯಲ್ಲಿ ಶಾಲೆ ಶುರುವಾದರೂ ಹೋಗದೇ ಇರುವ ಮಕ್ಕಳ ಪಟ್ಟಿ ಮಾಡಿ, ಇಬ್ಬಿಬ್ಬರು ಸದಸ್ಯರು ಆ ಮನೆಗಳಿಗೆ ಹೋಗಿ ಬನ್ನಿ.

ಮೂರು, ನಿಮ್ಮ ಊರಿನಲ್ಲಿ ಸತ್ಯ ಹೇಳಿ ಕಷ್ಟಪಟ್ಟ ಒಬ್ಬ ಹೆಂಗಸಿನ ಹೆಸರನ್ನು ಸಭೆಯಲ್ಲಿ ಹೇಳಿ. ಆಕೆ ಬದುಕಿದ್ದರೆ ಮನೆಗೆ ಹೋಗಿ ಮಾತಾಡಿಸಿ ಬನ್ನಿ.

ಪ್ರಾರ್ಥನೆ

(ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ. ನಂತರ ಒಟ್ಟಾಗಿ ಹೇಳಬಹುದು.)

ದೇವರೇ, ಹೆಸರು ಗೊತ್ತಿರುವ ಮತ್ತು ಹೆಸರು ಗೊತ್ತಿಲ್ಲದ ಎಲ್ಲ ಸಾಕ್ಷಿಗಳಿಗಾಗಿ ನಿಮಗೆ ವಂದನೆ. ನಮ್ಮ ಕೈಗೆ ಪೆನ್ನು ಬಂದಾಗ ಕಣ್ಣಿಗೆ ಎಚ್ಚರ ಕೊಡಿ. ಅಕ್ಕಪಕ್ಕದಲ್ಲಿ ಅನ್ಯಾಯ ಕಂಡಾಗ ಬಾಯಿಗೆ ಧೈರ್ಯ ಕೊಡಿ. ಹೆದರಿ ಸುಮ್ಮನಿದ್ದ ದಿನಗಳನ್ನು ಕ್ಷಮಿಸಿ, ಇನ್ನೊಂದು ಅವಕಾಶ ಕೊಡಿ. ಒಬ್ಬಳು ಒಂಟಿಯಾಗಿ ನಿಂತಾಗ ಅವಳ ಪಕ್ಕದಲ್ಲಿ ಹೋಗಿ ನಿಲ್ಲುವ ಮನಸ್ಸನ್ನು ನಮ್ಮ ಸಂಘಕ್ಕೆ ಕೊಡಿ. ಆಮೆನ್.